ದಾರ ಕಟ್ಟಿದ ಜೋಳ

ಕೊಲ್ಹಾಪುರ: ಹಾಲಿನ ಕಡೆ ನಾವೇ ಹೋದದ್ದು

ಊರು ಬಿಟ್ಟು ಬಂದರೂ ಕೈಗೆ ಗೊತ್ತಿರುವುದು ಮನೆಯ ಕೆಲಸವೇ. ಅಂದು ಬೆಳಗ್ಗೆ ಎದ್ದವಳೇ ಹಾಸಿಗೆ ಮಡಿಸಿದೆ, ಧರ್ಮಶಾಲೆಯ ಕೋಣೆಯ ಕಿಟಕಿ ತೆರೆದೆ, ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಹಿತ್ತಾಳೆ ಫಿಲ್ಟರಿಗೆ ಕಾಫಿಪುಡಿ ಹಾಕಿ ಸೀಮೆಎಣ್ಣೆ ಸ್ಟೌ ಮೇಲೆ ನೀರಿಟ್ಟೆ. ನಮ್ಮವರು ಕಿಟಕಿಯ ಸರಳಿಗೆ ಪುಟ್ಟ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತ, ಒಂದು ಕೆನ್ನೆ ಮುಗಿಸಿ, "ಟವೆಲ್ ಎಲ್ಲಿ?" ಎಂದರು. ಅದು ದಿನಾಲೂ ಇರುವ ಹಾಗೆ ಅವರ ಹೆಗಲ ಮೇಲೇ ಇತ್ತು. ಎಲ್ಲವೂ ನಮ್ಮ ಮನೆಯಂತೆಯೇ ನಡೆಯುತ್ತಿತ್ತು, ಹಾಲೊಂದು ಬರಲಿಲ್ಲ.

ಧರ್ಮಶಾಲೆಯ ಕಾವಲುಗಾರನನ್ನು ಕೇಳಿದರೆ ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹಾಲ ನಿಮ್ಮ ಕಡಿ ಬರೂದಿಲ್ರಿ ಬಾಯಿ, ನೀವ ಹಾಲಿನ ಕಡಿ ಹೋಗಬೇಕ್ರಿ" ಎಂದು ಬೀದಿಯ ಕೊನೆಗೆ ಕೈ ತೋರಿಸಿದ.

ಹೋದೆವು. ಚಳಿಗಾಲದ ಮಂಜಿನಲ್ಲಿ ಒಂದು ಕಟ್ಟೆಯ ಮುಂದೆ ಎಮ್ಮೆಗಳು ಸಾಲಾಗಿ ನಿಂತಿದ್ದವು. ಕೊಂಬಿಗೆ ಎಣ್ಣೆ, ಕೊರಳಿಗೆ ಮಣಿ. ಮದುವೆಗೆ ಬಂದ ಬೀಗಿತ್ತಿಯರ ಹಾಗೆ ಅವಕ್ಕೆ ಯಾವ ಅವಸರವೂ ಇರಲಿಲ್ಲ. ಗಂಡಸರು ಲೋಟ ಹಿಡಿದು ಕಾಯುತ್ತಾರೆ, ಎಮ್ಮೆಯವನು ಅವರ ಕಣ್ಣೆದುರಿಗೇ ಲೋಟಕ್ಕೆ ಹಾಲು ಕರೆಯುತ್ತಾನೆ, ಅವರು ನಿಂತಲ್ಲೇ ನೊರೆಸಮೇತ ಕುಡಿದು ಮೀಸೆ ಒರೆಸಿಕೊಂಡು ಹೋಗುತ್ತಾರೆ. ನಮ್ಮ ಮೈಸೂರಿನಲ್ಲಿ ಹಾಲಿಗೆ ನೀರು ಎಷ್ಟು ಬೆರೆತಿದೆ ಎಂದು ಬೆರಳಿಗೆ ಅಂಟಿಸಿ ನೋಡುತ್ತೇವೆ. ಇಲ್ಲಿ ಆ ಅನುಮಾನಕ್ಕೆ ಎಡೆಯೇ ಇಲ್ಲ. ಗಣಿತದ ಮೇಷ್ಟರಾದ ನಮ್ಮವರು ಒಂದು ಲೋಟ ಕುಡಿದು, ಬಿಳಿ ಮೀಸೆಯೊಡನೆ ನನ್ನತ್ತ ತಿರುಗಿ, "ಇನ್ನು ಕಾಫಿ ಬೇಡ ಬಿಡು" ಎಂದರು. ಮದುವೆಯಾದಾಗಿನಿಂದ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಎಮ್ಮೆಯವನು ಗಡಿಯ ಹಳ್ಳಿಯವನು. ನಮ್ಮ ಕನ್ನಡ ಕೇಳಿ ಅವನಿಗೆ ಖುಷಿಯಾಯಿತು. ಎಲ್ಲಿಗೆ ಹೊರಟಿರಿ ಎಂದ. ಇವತ್ತು ಗಡಹಿಂಗ್ಲಜಕ್ಕೆ, ಸ್ನೇಹಿತರೊಬ್ಬರು ಸರ್ಕಾರದ ಹೊಸ ಜೋಳ ಬಿತ್ತಿದ್ದಾರಂತೆ, ನೋಡಿ ಹೋಗಿ ಎಂದು ಕರೆದಿದ್ದಾರೆ ಎಂದೆವು. ಅವನು ಹಾಲು ಕರೆಯುವುದನ್ನು ನಿಲ್ಲಿಸದೆ ನಕ್ಕ.

"ನೋಡ್ರಿ ಸಾಹೇಬ್ರ, ಸರಕಾರ ಅಂದ್ರ ಎಮ್ಮಿ ಇದ್ದಂಗ. ಬರೇ ಕೆಚ್ಚಲಕ್ಕ ಕೈ ಹಾಕಿದ್ರ ಒದೀತೈತಿ. ಕರಾ ತೋರಸಬೇಕು, ಆವಾಗ ಹಾಲ ಇಳಸ್ತೈತಿ."

"ಕರು ಅಂದರೆ ಏನು?" ಎಂದರು ನಮ್ಮವರು.

"ಬೆಳಿರೀ! ಬೆಳಿ ತೋರಸಬೇಕಲ್ಲ ಕಣ್ಣಿಗೆ."

ನಾನು ಹಡಗು ಹತ್ತಿದವಳಲ್ಲ. ರಾಜ್ಯದ ಗಡಿ ದಾಟಿದ್ದೂ ಆ ಸಲವೇ. ನನ್ನ ಪಾಲಿಗೆ ಇದೇ ಪರದೇಶ. ಕಾನ್ವೆಂಟಿನಲ್ಲಿ ಭೂಗೋಳದ ಸಿಸ್ಟರ್ ನಕ್ಷೆ ಬರೆಸುವಾಗ ಈ ಸೀಮೆಗೆಲ್ಲ ಕಂದು ಬಣ್ಣದ ಪೆನ್ಸಿಲ್ ಹಚ್ಚಿ 'ಜೋಳ' ಎಂದು ಬರೆಯಬೇಕಿತ್ತು. ಗೆರೆ ಮೀರದಂತೆ ಬಣ್ಣ ಹಚ್ಚಿ ನಾನು ಶಹಬಾಸ್ ಅನ್ನಿಸಿಕೊಂಡಿದ್ದೆ. ಜೋಳದ ಗಿಡ ಎಷ್ಟೆತ್ತರ ಇರುತ್ತದೆಂದು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಲಿಲ್ಲ.

ಇಚಲಕರಂಜಿ: ಮಗ್ಗದ ಮನೆಯಲ್ಲಿ ಮಾತು

ಗಡಹಿಂಗ್ಲಜದ ಆ ಸ್ನೇಹಿತರ ಹೆಸರು ಶಿವಗೊಂಡ. ನಮ್ಮವರೂ ಅವರೂ ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವರ ಅಕ್ಕ ಶಾಂತವ್ವನನ್ನು ಇಚಲಕರಂಜಿಗೆ ಕೊಟ್ಟಿದ್ದಾರೆ. "ದಾರಿ ಸುತ್ತಾದರೂ ಅಕ್ಕನ ಮನೆಗೆ ಹೋಗದೆ ಬಂದರೆ ನನಗೆ ಬೈಗುಳ ತಪ್ಪಿದ್ದಲ್ಲ" ಎಂದು ಅವರು ಮೊದಲೇ ಹೇಳಿಕಳಿಸಿದ್ದರಿಂದ ಕೆಂಪು ಬಸ್ಸು ಹತ್ತಿ ಮೊದಲು ಅಲ್ಲಿಗೆ ಹೋದೆವು.

ಆ ಊರಿನ ಶಹಾಪುರದ ಓಣಿಗೆ ಕಾಲಿಟ್ಟಾಗ ದೊಡ್ಡ ಮಳೆ ಬರುತ್ತಿದೆ ಎಂದು ಸೆರಗನ್ನು ತಲೆಗೆ ಎಳೆದುಕೊಂಡೆ. ಮಳೆಯಲ್ಲ, ಮಗ್ಗ. ಮನೆಮನೆಯಲ್ಲೂ ವಿದ್ಯುತ್ ಮಗ್ಗಗಳು ಏಕಪ್ರಕಾರವಾಗಿ ಬಡಿದುಕೊಳ್ಳುತ್ತಿದ್ದವು. ಮಾಡಿನ ತಗಡು, ಗೋಡೆಯ ಕ್ಯಾಲೆಂಡರು, ತಟ್ಟೆಯಲ್ಲಿಟ್ಟ ಚಹಾದ ಕಪ್ಪು ಎಲ್ಲವೂ ಸಣ್ಣಗೆ ನಡುಗುತ್ತವೆ. ಗಾಳಿಯಲ್ಲಿ ಹತ್ತಿಯ ಧೂಳು. ಶಾಂತವ್ವನ ಹುಬ್ಬಿನ ಮೇಲೂ ಒಂದೆರಡು ಎಳೆ ಕೂತಿದ್ದವು. ಮಾತು ಕೇಳಿಸದ ಮನೆಯಲ್ಲಿ ಬಾಳಿ ಬಾಳಿ ಆಕೆಗೆ ಕೂಗಿ ಮಾತಾಡುವುದೇ ರೂಢಿ. ಅಡುಗೆಮನೆಯ ಬಾಗಿಲು ಮುಚ್ಚಿ, ಸದ್ದು ತಗ್ಗಿದ ಮೇಲೂ ನನ್ನ ಕಿವಿಯ ಪಕ್ಕವೇ ನಿಂತು, "ಬರ್ರೀ ಯವ್ವಾ! ಭಾಳ ದಣದೀರಿ!" ಎಂದು ಒದರಿದಾಗ ನಾನು ಬೆಚ್ಚಿದೆ. ನನ್ನ ಮೆಲುದನಿ ಆಕೆಗೆ ಅಷ್ಟೇ ವಿಚಿತ್ರ. "ಇವರ ಬಾಯಾಗ ಮಾತ ಬರ್ತಾವೋ ಇಲ್ಲೋ?" ಎಂದು ನಮ್ಮವರನ್ನೇ ಕೇಳಿದಳು.

ರೊಟ್ಟಿ ತಟ್ಟುತ್ತ ಆಕೆ ತಮ್ಮನ ಸುದ್ದಿ ತೆಗೆದಳು. ಅವರು ನಮ್ಮನ್ನು ಬರೀ ಬೆಳೆ ನೋಡಲು ಕರೆದದ್ದಲ್ಲ ಎಂದು ನನಗೆ ತಿಳಿದದ್ದು ಆಗಲೇ.

"ನಮ್ಮಪ್ಪಗ ಸರಕಾರದ ಬೀಜ ಅಂದ್ರ ಆಗೂದಿಲ್ರಿ. ಆ ಜ್ವಾಳ ಗಿಡ್ಡ ಐತಿ. ತೆನಿ ದೊಡ್ಡದ ಬರಬಹುದು, ಖರೆ. ಆದ್ರ ದನಕ್ಕ ಕಣಿಕಿ ಎಲ್ಲಿಂದ ತರೂದು? ದನ ಏನ ಸರಕಾರದ ಕಾಗದ ತಿಂತಾವೇನು? ಹಿಂಗಂತ ಜಗಳ. ಶಿವಗೊಂಡ ಬಿಡಲಿಲ್ಲ. ಕಡೀಕ ಅಪ್ಪ ಮ್ಯಾಲಿನ ಹೊಲಾ ಒಂದ ಸುಗ್ಗಿಗೆ ಬಿಟ್ಟ ಕೊಟ್ಟಾನ."

"ಆಮೇಲೆ?" ಎಂದೆ.

"ಆಮ್ಯಾಲ ಏನಂದ್ರ, ಸರಕಾರದವರು ಹೊಲದಾಗ ಒಂದ ಚೌಕ ಗುರುತ ಮಾಡ್ಯಾರ. ಬೆಳಿ ಬಲತ ಮ್ಯಾಲ ಸಾಹೇಬ ಬಂದು ಅದನ್ನಷ್ಟ ಕೊಯ್ದು ತೂಗ್ತಾನ. ತೂಕ ಬಂತು ಅಂದ್ರ ಬಾವೀಗೆ ಇಂಜಿನ್ ಕುಂಡ್ರಸಾಕ ಸರಕಾರದ ನೆರವು. ನಮ್ಮಪ್ಪ ಏನಂದಾನ ಗೊತ್ತೈತೇನ್ರಿ? 'ಸರಕಾರ ಕೊಡ್ತೀನಿ ಅಂದದ್ದ ಕೊಟ್ಟರ ಹೊಲಾ ನಿಂದು, ಏನರ ಬಿತ್ಕೋ. ಕೊಡಲಿಲ್ಲಂದ್ರ ಬರೂ ವರ್ಷ ನನ್ನ ಬೀಜ, ನನ್ನ ಕೂರಿಗಿ. ಮತ್ತ ಬಾಯಿ ತೆಗೀಬ್ಯಾಡ.' ಮಂದಿ ಎದರಿಗೆ ಅಂದಾನ್ರಿ, ಚಾವಡಿ ಮ್ಯಾಲ!"

ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೂ ಹೇಳಿದಳು. "ಅಪ್ಪ ಯಾವತ್ತೂ ಅವಗ ಶಾಣ್ಯಾ ಅಂದಿಲ್ರಿ. ಧಾರವಾಡದಾಗ ಕಲಿತು ಬಂದ್ರೂ ಅಂದಿಲ್ಲ. ಈ ಒಂದ ಸಲ ಅಂದಾನೇನೋ ಅಂತ ಅವಗೊಂದು ಆಸೆ. ನೀವು ಪರಊರವರು ಇದ್ದೀರಿ. ನಿಮ್ಮ ಎದುರು ನಾಕ ಮಾತ ಚಲೋ ಆಡ್ಯಾನು ಅಪ್ಪ. ಬೆಳಿ ಚಲೋ ಐತಿ ಅಂತ ನೀವೂ ಒಂದ ಮಾತ ಹೇಳ್ರಲಾ."

ನನಗೆ ಗಾಬರಿಯಾಯಿತು. ನಮ್ಮ ಮನೆಯಲ್ಲಿ ಸರ್ಕಾರದ ಕೃಷಿನೀತಿ ಎಂದರೆ ರೇಷನ್ ಕಾರ್ಡು, ಅಂಗಡಿಯ ಮುಂದಿನ ಸಾಲು, ರೇಡಿಯೋದಲ್ಲಿ ದಿನಾ ಬರುವ 'ಹೆಚ್ಚು ಬೆಳೆಯಿರಿ' ಎನ್ನುವ ಉಪದೇಶ, ಅಷ್ಟೆ. ಆ ಉಪದೇಶ ಬಂದಾಗ ನಾನು ಹಿತ್ತಲಲ್ಲಿ ದಂಟಿನ ಸೊಪ್ಪು ಹಾಕಿ ನನ್ನ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ. ಬೆಳೆ ಚೆನ್ನಾಗಿದೆಯೋ ಇಲ್ಲವೋ ನಾನು ಹೇಗೆ ಹೇಳಲಿ? ಆದರೂ ಹೂಂ ಎಂದೆ. ಹೊರಡುವಾಗ ಶಾಂತವ್ವ ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟು, ಬಾಗಿಲಿನಿಂದಲೇ ಓಣಿಗೆಲ್ಲ ಕೇಳುವಂತೆ, "ಮರೀಬ್ಯಾಡ್ರೀ!" ಎಂದಳು. ಎದುರುಮನೆಯ ಇಬ್ಬರು ಏನನ್ನು ಮರೆಯಬಾರದೆಂದು ಹೊರಗೆ ಬಂದು ನೋಡಿದರು.

ಮುರಗೂಡ: ಬಸ್ಸು ನಿಂತ ಕಾರಣ

ಕಾಗಲ್ ದಾಟಿ ಮುರಗೂಡಕ್ಕೆ ಬಂದಾಗ ಬಸ್ಸು ನಿಂತಿತು. ಕೆಟ್ಟಿತೇನೋ ಎಂದುಕೊಂಡೆವು. ಕೆಟ್ಟಿರಲಿಲ್ಲ. ಡ್ರೈವರು ಕೆಳಗಿಳಿದು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ. ಒಂದೊಂದನ್ನೂ ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಾನೆ. ನಮ್ಮೂರಿನಲ್ಲಾಗಿದ್ದರೆ ಬಸ್ಸಿನೊಳಗೆ ಕೂಗಾಟ ಎದ್ದುಬಿಡುತ್ತಿತ್ತು. ಇಲ್ಲಿ ಕಂಡಕ್ಟರನೇ ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ, ಬೀಜ ಕಮ್ಮಿ ಇರುವುದನ್ನು ತಗೋ ಎಂದು ಸಲಹೆ ಕೊಟ್ಟ. ಹಿಂದಿನ ಸೀಟಿನ ಮುದುಕಿ, ನನಗೂ ಒಂದಿಷ್ಟು ತಾ ಎಂದು ದುಡ್ಡು ಕೊಟ್ಟಳು.

ನನ್ನ ಕಾಲ ಬಳಿ ಒಂದು ಚೀಲವಿತ್ತು. ಮುಂದಿನ ಸೀಟಿನ ರೈತನದು, ಸರ್ಕಾರ ರಿಯಾಯಿತಿಯಲ್ಲಿ ಕೊಟ್ಟ ಗೊಬ್ಬರ. ಚೀಲದ ಮೂತಿ ಸಡಿಲಾಗಿ ಬಿಳಿ ಹರಳು ನನ್ನ ಚಪ್ಪಲಿಯ ಮೇಲೆ ಉದುರಿತು. ಸಕ್ಕರೆಯೇ ಎಂದುಕೊಂಡು ಗಾಬರಿಯಿಂದ ಬೊಗಸೆಯಲ್ಲಿ ಬಾಚಿ ಚೀಲಕ್ಕೆ ಹಾಕತೊಡಗಿದೆ.

"ಇರ್ಲಿ ಬಿಡ್ರಿ ಅಕ್ಕಾರ" ಎಂದ ಆತ, "ಸರಕಾರಿ ಉಪ್ಪು ಅದು. ನಮ್ಮ ಮುದುಕಿ ನಿನ್ನಿ ಸಾರಿಗೆ ಹಾಕಾಕ ಹೊಂಟಿದ್ಲು."

"ಆಮೇಲೆ?"

"ಆಮ್ಯಾಲೇನ್ರಿ, ಹಾಕಿದ್ರ ನಾವೂ ಒಂದೀಟ ಉದ್ದ ಬೆಳೀತಿದ್ವಿ."

ಬಸ್ಸೆಲ್ಲ ನಕ್ಕಿತು. ನಮ್ಮವರಂತೂ ಡ್ರೈವರು ಬದನೆಕಾಯಿ ಚೀಲದೊಡನೆ ಹತ್ತುವವರೆಗೂ ನಗುತ್ತಿದ್ದರು. ಆ ಊರಿನ ಜನ ಸರ್ಕಾರವನ್ನು ಬೈಯುವುದು ಕೂಡ ಮನೆಯ ಸೋದರಮಾವನನ್ನು ಬೈದ ಹಾಗೆ. ಕೈ ಬಿಗಿಯಾದವನು, ಹೇಳಿದ ಹೊತ್ತಿಗೆ ಬಾರದವನು, ಆದರೆ ಬಿಟ್ಟುಹಾಕಲು ಆಗದವನು.

ಗಡಹಿಂಗ್ಲಜ: ಹೊಲದಲ್ಲಿ ಸೀತನಿ

ನಿಲ್ದಾಣದಲ್ಲಿ ಶಿವಗೊಂಡ ಇರಲಿಲ್ಲ. ಅವರ ತಂದೆ ಬಾಳಗೊಂಡಜ್ಜನೇ ಎತ್ತಿನ ಗಾಡಿ ಹೂಡಿಕೊಂಡು ಬಂದಿದ್ದರು. ದೊಡ್ಡ ಬಿಳಿ ರುಮಾಲು, ಹಣೆಗೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಮುಖ ಗಂಟುಹಾಕಿಕೊಂಡೇ ನನ್ನ ಟ್ರಂಕನ್ನು ಎತ್ತಿ ಗಾಡಿಗೆ ಇಟ್ಟರು.

"ಅವ ಸಾಹೇಬನ್ನ ಕರಕೊಂಡ ಬರಾಕ ಹೋಗ್ಯಾನ. ಬೆಳಿ ಎಲ್ಲಿಗೆ ಬಂದೈತಿ ನೋಡ್ತಾನಂತ ಸಾಹೇಬ. ನಾವು ಸೀದಾ ಹೊಲಕ್ಕ ಹೋಗೂಣು. ಹೊತ್ತ ಐತಿ ಇನ್ನ" ಎಂದರು.

ದಾರಿಯುದ್ದಕ್ಕೂ ಅಜ್ಜ ಆ ಜೋಳವನ್ನು ಬೈದರು. ಅದಕ್ಕೆ ಎತ್ತರವಿಲ್ಲ. ಅದರ ದಂಟು ದನಕ್ಕೆ ಹಲ್ಲಿಗೂ ಸಾಲದು. ಹಕ್ಕಿಗಳಿಗೆ ಮಾತ್ರ ಹಬ್ಬ, ಕೂತುಕೊಂಡೇ ತಿನ್ನಬಹುದು. "ನಾ ಹೊಲದಾಗ ನಿಂತ್ರ ಹಾದೀ ಮ್ಯಾಲ ಹೋಗಾವರಿಗೆ ನನ್ನ ರುಮಾಲ ಕಾಣಬಾರ್ದ್ರಿ. ಅದು ಜ್ವಾಳ. ಈಗ ನೋಡ್ರಿ, ನನ್ನ ಗುಂಡಿ ಸೈತ ಕಾಣ್ತಾವ." ಆದರೆ ಹೊಲ ಹತ್ತಿರವಾದಂತೆ ಅವರ ಬೈಗುಳ ನಿಧಾನವಾಯಿತು. ಗಾಡಿಯನ್ನೂ ನಿಧಾನ ಮಾಡಿದರು. ನಾನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ 'ಬೆಳೆ ಚೆನ್ನಾಗಿದೆ' ಎನ್ನುವ ಮಾತು ಆಗ ನನಗೇ ಅರಿವಿಲ್ಲದೆ ಬಂದುಬಿಟ್ಟಿತು. ಕೆಳಗಿನ ಹೊಲದಲ್ಲಿ ಅವರ ನಾಡಜೋಳ ಆಳೆತ್ತರ ಮೀರಿ ತೆಳ್ಳಗೆ ತೂಗಾಡುತ್ತಿತ್ತು. ಮೇಲಿನ ಹೊಲದಲ್ಲಿ ಈ ಕುಳ್ಳ ಜೋಳ, ಒಂದೇ ಅಳತೆಗೆ ಕತ್ತರಿಸಿಟ್ಟ ಹಾಗೆ. ಪ್ರತಿ ಗಿಡದ ತಲೆಯ ಮೇಲೂ ಮುಷ್ಟಿ ಬಿಗಿದಂಥ ತೆನೆ. ಕಂದು ಪೆನ್ಸಿಲ್ ಹಚ್ಚಿದವಳಿಗೆ ಇಷ್ಟು ಹಸಿರು ನಾಚಿಕೆ ತರಿಸಿತು.

"ಹೂಂ" ಎಂದರು ಅಜ್ಜ. "ಹಾಂಗ... ಐತಿ."

ಹೊಲಕ್ಕೆ ಅತಿಥಿ ಬಂದರೆ ಸೀತನಿ ತಿನ್ನಿಸದೆ ಕಳಿಸುವುದು ಆ ಸೀಮೆಯಲ್ಲಿ ಅವಮಾನ. ಜೋಳ ಇನ್ನೂ ಹಾಲುಗಾಳಾಗಿ ಎಳೆಯದಾಗಿರುವಾಗ ತೆನೆ ಕೊಯ್ದು, ಬೆರಣಿಯ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ಉಜ್ಜಿ ಕಾಳು ಬಿಡಿಸಿ ತಿನ್ನುವುದು. ನಮ್ಮಲ್ಲಿ ಎಳೆ ರಾಗಿಯ ಬೆಳಸೆ ಮಾಡುತ್ತೇವಲ್ಲ, ಅದರ ಅಕ್ಕ ಎನ್ನಬಹುದು. ಕೆಳಗಿನ ಹೊಲದ ಬದುವಿನಲ್ಲಿ ಗುಂಡಿ ತೋಡಿ ಬೆಂಕಿ ಸಿದ್ಧವಾಗಿತ್ತು. ಸೀತನಿಗೆ ಕೆಳಗಿನ ನಾಡಜೋಳವೇ ರುಚಿ ಎಂದು ಅಜ್ಜ ಗಾಡಿಯಲ್ಲಿ ಹೇಳಿದ್ದರು. ಆದರೆ ಕುಡುಗೋಲು ಹಿಡಿದ ಮೇಲೆ ಅವರು ಒಂದು ಗಳಿಗೆ ನಿಂತು ಯೋಚಿಸಿದರು. ಆಮೇಲೆ ಮೇಲಿನ ಹೊಲದ ಕಡೆ ನಡೆದರು. ಮಡಿಲ ತುಂಬ ತೆನೆ ತಂದು ಕೆಂಡಕ್ಕೆ ಸುರಿದರು. ಮತ್ತೆ ಹೋಗಿ ಮತ್ತೊಂದು ಮಡಿಲು ತಂದರು.

ಉಜ್ಜುವುದು ನನಗೆ ಬರಲಿಲ್ಲ. ಕೈ ಸುಟ್ಟಿತು, ಬಳೆಗೆ ಮಸಿಯಾಯಿತು, ನನ್ನ ಕಸೂತಿ ಹಾಕಿದ ಕರ್ಚೀಫು ಕರಿಬಟ್ಟೆಯಾಯಿತು. ಬಾಯಲ್ಲಿ ತುತ್ತಿರುವಾಗ ಮಾತಾಡಬಾರದೆಂದು ಸಿಸ್ಟರ್ ಕಲಿಸಿದ್ದರು. ನಾನು ಬಾಯಿ ತುಂಬ ಕಾಳಿಟ್ಟುಕೊಂಡೇ, "ಇನ್ನೊಂದಿಷ್ಟು ಕೊಡಿ" ಎಂದೆ. ಹಾಲಿನ ಸಿಹಿ, ಸುಟ್ಟ ವಾಸನೆ, ಮೇಲೆ ಶಾಂತವ್ವನ ಚಟ್ನಿಪುಡಿ. ಅಜ್ಜ ತಮ್ಮ ದೊಡ್ಡ ಕೈಯಲ್ಲಿ ಉಜ್ಜಿ, ಹೊಟ್ಟು ಊದಿ, ಮಗುವಿಗೆ ಕೊಡುವಂತೆ ನನ್ನ ಅಂಗೈಗೆ ಸುರಿಯುತ್ತಿದ್ದರು.

"ತಿನ್ರಿ, ತಿನ್ರಿ. ಗಿಡ್ಡ ಇದ್ರೇನಾತು, ಕಾಳ ನೋಡ್ರಿ ಹೆಂಗ ತುಂಬ್ಯಾವ. ಮುತ್ತ!" ಎಂದರು. ಎಂದವರೇ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಸುತ್ತ ನೋಡಿದರು.

ಅಷ್ಟರಲ್ಲಿ ಬದುವಿನ ಮೇಲೆ ಎರಡು ಸೈಕಲ್ಲುಗಳು ಬಂದವು. ಒಂದರಲ್ಲಿ ಶಿವಗೊಂಡ, ನಮ್ಮವರನ್ನು ಕಂಡು ದೂರದಿಂದಲೇ ಕೈ ಬೀಸುತ್ತ. ಇನ್ನೊಂದರಲ್ಲಿ ಕೃಷಿ ಇಲಾಖೆಯ ಸಾಹೇಬ. ಮರಾಠಿಯವರು, ಇನ್ನೂ ಮೀಸೆ ದಟ್ಟವಾಗದ ತರುಣ. ಅವರು ಸೈಕಲ್ ಒರಗಿಸಿ ನೇರವಾಗಿ ಮೇಲಿನ ಹೊಲಕ್ಕೇ ಹೋದರು. ಶಿವಗೊಂಡ ನಮ್ಮವರ ಕೈ ಹಿಡಿದು ಕುಲುಕುತ್ತಿರುವಾಗಲೇ ಅಲ್ಲಿಂದ, ಇದೇನಾಯಿತು ಎಂದು ಸಾಹೇಬರ ಮರಾಠಿ ಕೂಗು ಕೇಳಿಸಿತು.

"ಅಹೋ! ಹೇ ಕಾಯ್ ಝಾಲಂ?"

ನಾವೆಲ್ಲ ಹತ್ತಿ ಹೋದೆವು. ನಾಲ್ಕು ಮೂಲೆಗೆ ಗೂಟ, ಸುತ್ತ ಬಿಳಿಯ ದಾರ. ದಾರದ ಹೊರಗೆ ಎಲ್ಲ ಕಡೆ ತೆನೆಹೊತ್ತ ಜೋಳ. ದಾರದ ಒಳಗೆ ಬರೀ ತಲೆಯಿಲ್ಲದ ದಂಟು.

ಶಿವಗೊಂಡ ಕೆಳಗೆ ನೋಡಿದರು. ಅಲ್ಲಿ ಬದುವಿನಲ್ಲಿ ಕೆಂಡ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ನಾವು ಉಜ್ಜಿ ಎಸೆದ ತೆನೆಗಳ ರಾಶಿ.

"ಅಪ್ಪಾ. ಇದರಾಗಿಂದ ಕೊಯ್ದಿ?"

"ಹೂಂ ಮತ್ತ" ಎಂದರು ಅಜ್ಜ. ಏನೂ ತಪ್ಪಾಗಿದೆಯೆಂದು ಅವರಿಗಿನ್ನೂ ಅನ್ನಿಸಿರಲಿಲ್ಲ. "ದಾರ ಕಟ್ಟ್ಯಾರಂದ್ರ ಮೀಸಲ ಅಲ್ಲೇನೋ? ಸರಕಾರದವರು ಇಡೀ ಹೊಲದಾಗ ಚಲೋದನ್ನ ನೋಡಿ ಆರಿಸಿ ಮೀಸಲ ತಗದಾರ. ಮೀಸಲ ಇದ್ದದ್ದು ಯಾರಿಗೆ? ಮನೀಗೆ ಬಂದಾವರಿಗೆ. ಇವರು ಮೈಸೂರಿಂದ ಬಂದಾರ. ಕೆಟ್ಟದ್ದ ಕೊಡಬೇಕಾಗಿತ್ತೇನು?"

ಆ ಮನೆಯಲ್ಲಿ ಹಾಗೆಯೇ. ಪ್ರತಿ ಸುಗ್ಗಿಗೂ ಮೊದಲ ಒಳ್ಳೆಯ ತೆನೆಗಳಿಗೆ ದಾರ ಸುತ್ತಿ ದೇವರ ಹೆಸರಿಗೆ ಇಡುತ್ತಾರೆ, ಆಮೇಲೆ ಅದು ಬಂದ ಜಂಗಮರಿಗೆ, ಅತಿಥಿಗಳಿಗೆ. ಮನೆಯವರು ಅದನ್ನು ಮುಟ್ಟುವುದಿಲ್ಲ. ಅಜ್ಜ ಹುಟ್ಟಿದಾಗಿನಿಂದ ದಾರಕ್ಕೆ ಕಂಡ ಅರ್ಥ ಅದೊಂದೇ. ಸರ್ಕಾರ ತೂಗುವುದು ಇಡೀ ಹೊಲದ ಬೆಳೆಯನ್ನೆಂದೇ ಅವರು ತಿಳಿದಿದ್ದರು.

ಸಾಹೇಬರಿಗೆ ಇದೆಲ್ಲ ಬಿಡಿಸಿ ಹೇಳಿದ ಮೇಲೆ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆ ಊರಿಗೆ ಬಂದು ಕಲಿತ ಕನ್ನಡದಲ್ಲಿ, "ಆಜೋಬಾ, ಚಲೋದು ಅಂತ ಆರಿಸಿಲ್ಲ ನಾವು. ಕಣ್ಣ ಮುಚ್ಚಿ ಆರಸ್ತೀವಿ. ಚೀಟಿ ಎತ್ತಿದಂಗ. ಎಲ್ಲಿ ಬಂತೋ ಅಲ್ಲಿ ಗೂಟ" ಎಂದರು.

ಅಜ್ಜ ಅವರನ್ನೇ ದಿಟ್ಟಿಸಿದರು. "ಕಣ್ಣ ಮುಚ್ಚಿ?"

"ಹೌದ್ರಿ."

"ಇಷ್ಟ ದೊಡ್ಡ ಸರಕಾರ, ಕಣ್ಣ ಮುಚ್ಚಿ ಆರಿಸ್ತೈತಿ?"

ನಮ್ಮವರು, ಹಾಗೆ ಆರಿಸಿದರೇ ಪಕ್ಷಪಾತ ಇರುವುದಿಲ್ಲ ಎಂದು ಗಣಿತದ ಪಾಠ ಶುರುಮಾಡಲು ಹೊರಟರು. ನಾನು ಅವರ ಕೋಟಿನ ತೋಳು ಎಳೆದೆ.

ಸಾಹೇಬರು ಒಳ್ಳೆಯವರು. ಪಕ್ಕದ ಸಾಲುಗಳನ್ನು ನೋಡಿದರು, ಶಿವಗೊಂಡನ ಮುಖ ನೋಡಿದರು. ಕೆಮ್ಮಿ, ದನಿ ತಗ್ಗಿಸಿ, "ಈ ಗೂಟ ಒಂದೀಟ ಆ ಕಡಿ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾಲ್ಕು ಗೂಟ ಕಿತ್ತು ಮಗ್ಗುಲಿಗೆ ನೆಟ್ಟರೆ ಆಯಿತು. ನೋಡಿದವರು ನಾವಷ್ಟೇ. ನನ್ನ ಮನಸ್ಸಂತೂ ಆಗಲಿ, ಆಗಲಿ ಎನ್ನುತ್ತಿತ್ತು. ತಿಂದವಳು ನಾನಲ್ಲವೇ.

ಶಿವಗೊಂಡ ದಾರವನ್ನು ಬೆರಳಿನಿಂದ ಮೀಟಿದರು.

"ಬ್ಯಾಡ್ರಿ ಸಾಹೇಬ್ರ" ಎಂದರು. "ನಾವ ಆರಿಸಿದ ಜಾಗಾದಾಗ ತೂಕ ಬಂದ್ರ, ಇವಾ ಚಲೋ ನೋಡಿ ಗೂಟಾ ನೆಟ್ಟಾನ ಅಂತಾರ ಮಂದಿ. ಬೀಜದ ಹೆಸರ ಕೆಡ್ತೈತಿ. ಹ್ವಾದ್ದು ಹೋತು."

"ಹಾಂಗಿದ್ರ ಈ ವರ್ಷದ ನೆರವು ಬರೂದಿಲ್ರಿ. ಬೀಜ ಬೇಕಾದವರು ಬರೂ ವರ್ಷ ಬಂದು ಕೊಂಡಕೋಬಹುದು, ಅಷ್ಟ" ಎಂದರು ಸಾಹೇಬರು. ಅವರ ದನಿ ಸೋತಿತ್ತು.

ಅಜ್ಜನಿಗೆ ಆಗ ತಿಳಿಯಿತು. ಅವರು ತಮ್ಮ ಮಸಿಯಾದ ಅಂಗೈಯನ್ನು ನೋಡಿಕೊಂಡರು, ರುಮಾಲು ಸರಿಮಾಡಿಕೊಂಡರು, ಮಗನತ್ತ ಒಮ್ಮೆ ನೋಡಿದರು. ಅವರು ಕೆಳಗಿಳಿದು ಹೋಗಿ, ಕೆಂಡದಿಂದ ಕೊನೆಯ ತೆನೆ ಎತ್ತಿ, ಉಜ್ಜಿ, ಊದಿ, ಎರಡು ಕೈಯಲ್ಲೂ ಸಾಹೇಬರ ಮುಂದೆ ಹಿಡಿದರು. ಸಾಹೇಬರು ಮೊದಲು ಬೇಡವೆಂದು ತಲೆಯಾಡಿಸಿದರು. ಆಮೇಲೆ ತಿಂದರು. ತಿನ್ನುತ್ತ ತಿನ್ನುತ್ತ ಅವರ ಹುಬ್ಬು ಮೇಲೇರಿತು, ಆದರೆ ಅಂಥ ಹೊತ್ತಿನಲ್ಲಿ ರುಚಿಯಾಗಿದೆ ಎನ್ನುವುದು ಸರಿಯಲ್ಲವೆಂದು ಸುಮ್ಮನಾದರು.

ಅದೇ ಸಂಜೆ, ಮನೆಯ ಕಟ್ಟೆ

ಊರೊಳಗಿನ ಅವರ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಶಿವಗೊಂಡನ ಹೆಂಡತಿ ಗಂಗವ್ವನಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಆಕೆ ನನ್ನ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು, ಸೀಗೆಪುಡಿ ಹಾಕಿ ನನ್ನ ಅಂಗೈಯ ಮಸಿಯನ್ನು ತಾನೇ ತಿಕ್ಕಿದಳು. ನಾನು, "ನಮ್ಮಿಂದ ಹೀಗಾಯಿತಲ್ಲ" ಎಂದೆ.

"ನಿಮ್ಮಿಂದೇನ್ರಿ? ಹೊಟ್ಟಿ ತುಂಬ ತಿಂದ್ರಿಲ್ಲೋ?"

"ತಿಂದೆ."

"ಮತ್ತ? ತಿಂದಾವರು ಅಳಬಾರದ್ರಿ, ಬೆಳದಾವರಿಗೆ ಚಲೋ ಅಲ್ಲ."

ಹಾಗೆ ಹೇಳಿದವಳ ಕಣ್ಣೇ ಒದ್ದೆಯಾಗಿತ್ತು. ಇಂಜಿನ್ನಿನ ಕನಸು ಆಕೆಯದೂ ಆಗಿತ್ತು. ಈಗ ಬಾವಿಗೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುತ್ತಾರೆ, ಎತ್ತು ಹೊಡೆಯುವವಳು ಅರ್ಧ ದಿನ ಆಕೆಯೇ.

ಹೊರಗೆ ಕಟ್ಟೆಯ ಮೇಲೆ ಶಿವಗೊಂಡನೂ ನಮ್ಮವರೂ ಕೂತಿದ್ದರು. ಹಾಸ್ಟೆಲಿನ ಹಳೆಯ ಕತೆಗಳನ್ನು ಎತ್ತಿ ನಮ್ಮವರು ಅವರನ್ನು ನಗಿಸಲು ನೋಡುತ್ತಿದ್ದರು. ಶಿವಗೊಂಡ ನಗುವ ಜಾಗದಲ್ಲಿ ತಪ್ಪದೆ ನಗುತ್ತಿದ್ದರು. ಅದನ್ನು ನೋಡಲು ನನಗೆ ಕಷ್ಟವಾಯಿತು. ಅಜ್ಜ ಗಾಡಿ ಬಿಟ್ಟವರು ಮನೆಯೊಳಕ್ಕೆ ಬಾರದೆ ಎಲ್ಲಿಗೋ ಹೋಗಿದ್ದರು.

"ನಿಮ್ಮ ತಂದೆಯವರ ಜೊತೆ ನಾನು ಮಾತಾಡಲೇ?" ಎಂದರು ನಮ್ಮವರು.

"ಬ್ಯಾಡ. ಮಾತಂದ್ರ ಮಾತು. ಚಾವಡಿ ಮ್ಯಾಲ ಮಂದಿ ಎದರಿಗೆ ಆಡ್ಯಾನ. ಬರೂ ವರ್ಷ ಅವನ ಬೀಜ, ಅವನ ಕೂರಿಗಿ. ನಾ ಬಾಯಿ ತೆಗಿಯೂದಿಲ್ಲ" ಎಂದರು.

ಗಂಗವ್ವ ಮಜ್ಜಿಗೆ ತಂದಳು. ಬೀದಿಯಲ್ಲಿ ಕುರಿಗಳ ಸದ್ದು ಕೇಳಿಸಿತು. ಧೂಳಿನ ಹಿಂದೆ ಕಂಬಳಿ ಹೊದ್ದ ಒಬ್ಬ ಬಂದು ಕಟ್ಟೆಗೆ ಕೋಲು ಒರಗಿಸಿ ಕೂತ. ಪಕ್ಕದ ಮನೆಯ ಬೀರಪ್ಪ. ಕುರಿ ಸಾಕುವವನು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಅವನ ಕುರಿಗಳನ್ನು ತರುಬುತ್ತಾರೆ. ಅವು ಮಲಗಿ ಎದ್ದುಹೋದ ನೆಲಕ್ಕೆ ಅಷ್ಟು ಗೊಬ್ಬರ ಬಿದ್ದಂತೆ. ಸೀತನಿಯ ಕತೆ ಅವನಿಗೂ ಗೊತ್ತಿದ್ದಿರಬೇಕು, ನನ್ನನ್ನು ನೋಡಿ ಮೀಸೆಯೊಳಗೇ ನಕ್ಕ. ಆದರೆ ಆ ಮಾತು ಎತ್ತಲಿಲ್ಲ. ಸೊಂಟದಿಂದ ಎಲೆಯಡಿಕೆ ಚೀಲ ತೆಗೆದು, ಎಲೆಯ ನಾರು ಬಿಡಿಸುತ್ತ ಹೇಳಿದ:

"ಶಿವಗೊಂಡಾ, ಸುಗ್ಗಿ ಆದಮ್ಯಾಲ ಕುರಿ ಮೊದಲ ಮ್ಯಾಲಿನ ಹೊಲದಾಗ ತರಬ್ಲೋ, ಕೆಳಗಿಂದರಾಗೋ? ನಿಮ್ಮಪ್ಪ ಈಗ ಬಾವೀಕಟ್ಟಿ ಹತ್ರ ಸಿಕ್ಕಿದ್ದ, ಎರಡೂ ಕಡೆ ತರಬು ಅಂದ. ಬರೂ ವರ್ಷ ಕೆಳಗೂ ಆ ಗಿಡ್ಡ ಜ್ವಾಳನ ಬಿತ್ತಾವನಂತ, ದನಕ್ಕಂತ ಬದುವಿನಗುಂಟ ನಾಕ ಸಾಲ ಅಷ್ಟ ನಮ್ಮ ನಾಡಜ್ವಾಳ. ಒಂಚೂರ ಸುಣ್ಣ ಇದ್ರ ಕೊಡವಾ ಗಂಗವ್ವಾ, ಎಲಿ ಒಣಗಾಕತ್ತಾವ."